ಪೊಳ್ಳು ಇಟ್ಟಿಗೆಯ ನಡುಗೋಡೆ

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಹಳೆಯ ಮನೆ. ಮುಂದಿನ ಅರ್ಧ ಖಾನಾಪುರ ಕಡೆಯ ಕೆಂಪು ಕಲ್ಲಿನದು, ಗೋಡೆ ಒಂದೂವರೆ ಅಡಿ ದಪ್ಪ. ಹಿಂದಿನ ಅರ್ಧವನ್ನು 1964ರಲ್ಲಿ ಸೇರಿಸಿದ್ದು. ಅದರ ಗೋಡೆಗಳೆಲ್ಲ ಸುಟ್ಟ ಮಣ್ಣಿನ ಪೊಳ್ಳು ಇಟ್ಟಿಗೆಯವು, ಮೇಲೆ ಮಂಗಳೂರು ಹಂಚು. ಎರಡು ಕೋಣೆ, ನಡುವೆ ಹದಿನಾರು ಅಡಿ ಉದ್ದದ ಒಂದು ಗೋಡೆ. ಎರಡೂ ಬದಿಯ ಛಾವಣಿಯ ಭಾರ ಆ ನಡುಗೋಡೆಯ ಮೇಲೇ ಕೂತಿದೆ. ಮನೆಯವರಿಗೆ ಈ ಹಿಂದಿನ ಭಾಗದ ಹಂಚು ತೆಗೆದು ಸ್ಲ್ಯಾಬ್ ಹಾಕಿ, ಅದರ ಮೇಲೆ ಮಗನ ಸಂಸಾರಕ್ಕೆ ಎರಡು ಕೋಣೆ ಕಟ್ಟುವ ಆಸೆ. ಮೊದಲು ಬಂದು ನೋಡಿದ ಒಬ್ಬ ಗುತ್ತಿಗೆದಾರರು ಗೋಡೆಗೆ ಎರಡು ಸಲ ಕೈ ಬಡಿದು, ‘ಎಂಟು ಇಂಚಿನ ಗೋಡೆ ಐತಿ, ಏನೂ ಆಗೂದಿಲ್ಲ’ ಅಂದು ಹೋಗಿದ್ದರಂತೆ. ದೀಪಾವಳಿ ಮುಗಿದ ಮೇಲೆ ನನ್ನನ್ನು ಕರೆದರು.

ಮನೆಯ ಹಿರಿಯರು ನಿವೃತ್ತ ಮಾಸ್ತರರು. ನಾನು ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಅನ್ನುತ್ತೇನೆ. ಬಾಗಿಲಲ್ಲೇ ನಿಂತು ಅಂದರು: ‘ತಮ್ಮಾ, ನಮ್ಮಪ್ಪ ಎದುರ ನಿಂತು ಕಟ್ಟಿಸಿದ ಗ್ವಾಡಿ ಇದು. ಅರವತ್ತು ವರ್ಷ ಆತು, ಒಂದು ನೂಲಿನಷ್ಟೂ ಸರದಿಲ್ಲ. ಕೊಯ್ನಾ ಭೂಕಂಪಕ್ಕ ಸುದ್ದಾ ಬಿದ್ದಿಲ್ಲ. ಇನ್ನೊಂದು ಮಾಳಗಿ ಹೊರೂದಿಲ್ಲೇನು?’

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅರವತ್ತು ವರ್ಷ ನಿಂತ ಗೋಡೆಗೆ ಮರ್ಯಾದೆ ಸಲ್ಲಬೇಕು. ಆದರೆ ಇಷ್ಟು ವರ್ಷ ಅದು ಹೊತ್ತದ್ದು ಎಷ್ಟು, ನಾವು ಈಗ ಹೊರಿಸಲು ಹೊರಟದ್ದು ಎಷ್ಟು, ಈ ಎರಡು ಅಂಕಿ ಎದುರಿಗೆ ಇಲ್ಲದೆ ಯಾರೂ ‘ಹೊರತೈತಿ’ ಅನ್ನಬಾರದು.

ಮೊದಲ ದಿನ ಬರೀ ನೋಡಿದ್ದು. ತೂಗುಗುಂಡು ಬಿಟ್ಟೆ. ಹತ್ತು ಅಡಿ ಎತ್ತರಕ್ಕೆ ಗೋಡೆ ವಾಲಿದ್ದು 8 ಮಿ.ಮೀ. ಮಾತ್ರ, ಇದು ಒಳ್ಳೆಯ ಲಕ್ಷಣ. ಬಾಗಿಲಿನ ಮೇಲ್ಮೂಲೆಯಿಂದ ಓರೆಯಾಗಿ ಏರಿದ ಒಂದು ಹಳೆಯ ಬಿರುಕಿದೆ. ಅದು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ಬೆಳಗ್ಗೆ ಕಂಡದ್ದು ಎಂದು ಕಾಕಾ ನೆನಪಿಟ್ಟಿದ್ದಾರೆ. ಬಿರುಕಿನ ಒಳಗೆ ಸುಣ್ಣದ ಪದರ ಮೇಲೆ ಪದರ ಕೂತಿತ್ತು, ಹೊಸದಾಗಿ ತೆರೆದ ಅಂಚು ಎಲ್ಲೂ ಇರಲಿಲ್ಲ. ಅಂದರೆ ಅದು ಬೆಳೆಯುತ್ತಿರುವ ಬಿರುಕಲ್ಲ.

ನನ್ನನ್ನು ನಿಲ್ಲಿಸಿದ್ದು ಬೇರೆ ಬಿರುಕು. ಅಡಿಗೆಮನೆ ಬದಿಗೆ ಒಂದು ಅಟ್ಟವಿದೆ. ಅದರ ತೊಲೆಯ ಒಂದು ತುದಿ ಇದೇ ನಡುಗೋಡೆಯಲ್ಲಿ ಕೂತಿದೆ. ತೊಲೆಯ ಕೆಳಗಿನಿಂದ ನೆಟ್ಟಗೆ ಕೆಳಕ್ಕೆ, ಎರಡು ಅಡಿ ಉದ್ದಕ್ಕೆ, ಕೂದಲಿಗಿಂತ ತುಸು ದಪ್ಪದ ಗೀರು. ಬೆರಳು ಆಡಿಸಿದರೆ ಹೊಸ ಪುಡಿ ಉದುರುತ್ತಿತ್ತು. ಏಣಿ ಹತ್ತಿ ನೋಡಿದರೆ ಅಟ್ಟದ ಮೇಲೆ ಎಂಟು ಚೀಲ ಜೋಳ.

‘ಕಾಕು, ಈ ಚೀಲ ಇವತ್ತ ಇಳಸಬೇಕ್ರಿ.’

‘ಎಲ್ಲಿಡ್ಲೋ ತಮ್ಮಾ? ಕೆಳಗ ಇಟ್ರ ಇಲಿ ಬರ್ತಾವು.’

‘ಪಡಸಾಲ್ಯಾಗ ಹಲಗಿ ಮ್ಯಾಲ ಇಡ್ರಿ. ಆದ್ರ ಇವತ್ತ ರಾತ್ರಿ ಈ ತೊಲಿ ಕೆಳಗ ಯಾರೂ ಮಲಗಬ್ಯಾಡ್ರಿ.’

ಸಂಜೆಯೊಳಗೆ ಚೀಲ ಇಳಿದವು, ತೊಲೆಗೆ ಎರಡು ಜ್ಯಾಕ್ ಕೊಟ್ಟೆವು. ಉಳಿದದ್ದೆಲ್ಲ ಆಮೇಲೆ. ಯಾವ ಹಳೆಯ ಮನೆಯಲ್ಲೂ ಹೊಸ ಬಿರುಕು ಕಂಡರೆ ಮೊದಲ ಕೆಲಸ ಲೆಕ್ಕ ಹಾಕುವುದಲ್ಲ, ಭಾರ ಇಳಿಸುವುದು.

ಮರುದಿನ ಪ್ಲಾಸ್ಟರ್ ತೆರೆದೆವು. ಗೋಡೆಯ ತಳದಲ್ಲಿ ಒಂದು, ಎದೆಮಟ್ಟದಲ್ಲಿ ಒಂದು, ತೊಲೆಯ ಕೆಳಗೆ ಒಂದು, ಹೀಗೆ ಮೂರು ಕಡೆ ಎರಡಡಿ ಚೌಕದ ಕಿಟಕಿ. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಮೊದಲ ಜಾಗದಲ್ಲಿ ಡ್ರಿಲ್ ಮಷಿನ್ನನ್ನು ಹ್ಯಾಮರ್ ಮೋಡಿನಲ್ಲಿ ಹಚ್ಚಿಸಿದೆ. ಮೇಲಿನ ಸಿಮೆಂಟ್ ಪ್ಲಾಸ್ಟರ್ ಗಟ್ಟಿಯಾಗಿತ್ತು, ಒತ್ತಿ ಹಿಡಿಯುತ್ತಿದ್ದಂತೆ ಇಟ್ಟಿಗೆಯ ಮುಖವೇ ಅಂಗೈ ಅಗಲ ಒಡೆದು ಒಳಗೆ ಬಿತ್ತು. ಈ ಇಟ್ಟಿಗೆಯ ಮುಖ ಒಂದೂವರೆ ಸೆಂಟಿಮೀಟರಿನ ಬಿಲ್ಲೆ, ಅದರ ಹಿಂದೆ ಗಾಳಿ. ಗುದ್ದುವ ಯಂತ್ರ ಅದಕ್ಕೆ ಸಲ್ಲದು. ನಂತರ ನಮ್ಮ ಗೌಂಡಿ ಮಾಮಾ ಕಟರಿನಿಂದ ಪ್ಲಾಸ್ಟರಿನ ದಪ್ಪಕ್ಕಷ್ಟೇ ನಾಲ್ಕು ಗೆರೆ ಹೊಡೆದು, ಅಗಲ ಚಾಣವನ್ನು ಓರೆ ಹಿಡಿದು, ಸಿಪ್ಪೆ ಸುಲಿದ ಹಾಗೆ ಎಬ್ಬಿಸಿದರು. ಅರ್ಧ ದಿನ ಹಿಡಿಯಿತು, ಒಂದು ಇಟ್ಟಿಗೆಯೂ ಒಡೆಯಲಿಲ್ಲ. ಕೈಯ ಕೆಲಸಕ್ಕೆ ಸಮನಾದದ್ದು ಇಲ್ಲಿ ಯಾವುದೂ ಇಲ್ಲ.

ಒಡೆದ ಆ ಜಾಗವನ್ನು ವ್ಯರ್ಥ ಮಾಡಲಿಲ್ಲ. ಬ್ಯಾಟರಿ ಹಿಡಿದು ಒಳಗೆ ಇಣುಕಿದೆ. ಇಟ್ಟಿಗೆ 12 ಇಂಚು ಉದ್ದ, 8 ಇಂಚು ಎತ್ತರ, 8 ಇಂಚು ಅಗಲ. ಒಳಗೆ ನಾಲ್ಕು ಖಾನೆ. ಖಾನೆಗಳು ಗೋಡೆಯ ಉದ್ದಕ್ಕೆ ಮಲಗಿಕೊಂಡಿವೆ. ಮಾಮಾ ನೋಡಿದ ಕೂಡಲೇ ಅಂದರು: ‘ಸಾಹೇಬ್ರ, ಇಟ್ಟಂಗಿ ಅಡ್ಡ ಮಲಗ್ಯಾವ್ರಿ.’

ಪೊಳ್ಳು ಇಟ್ಟಿಗೆಯ ಗೋಡೆಯಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದೇ. ಕಾಕಾಗೆ ಹೇಳುವಾಗ ದೇವರ ಮಾಡದಿಂದ ಕಡ್ಡಿಪೆಟ್ಟಿಗೆ ತರಿಸಿ, ಒಳಗಿನ ತಟ್ಟೆ ತೆಗೆದು ಹೊರಗವಸನ್ನಷ್ಟೇ ಇಟ್ಟುಕೊಂಡೆ. ಬಾಯಿ ಮೇಲಾಗಿ ನಿಲ್ಲಿಸಿ ಅವರ ಅಂಗೈಯಿಂದ ಒತ್ತಿಸಿದೆ. ಬಗ್ಗಲಿಲ್ಲ. ನಾಲ್ಕೂ ಬದಿ ಭಾರ ಹೊರುತ್ತವೆ, ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಆಮೇಲೆ ಅದನ್ನೇ ಅಡ್ಡ ಮಲಗಿಸಿ ಒತ್ತಿಸಿದೆ. ಬೆರಳ ತುದಿಯ ಒತ್ತಿಗೇ ಓರೆಯಾಗಿ ಮಡಚಿ ಚಪ್ಪಟೆಯಾಯಿತು. ಮಲಗಿದಾಗ ಭಾರ ಹೊರುವುದು ಎರಡು ಬದಿ ಮಾತ್ರ, ಮೇಲಿನ ಕೆಳಗಿನ ಬದಿಗಳು ಸುಮ್ಮನೆ ಇರುತ್ತವೆ. ಮಾಸ್ತರಿಕೆ ಮಾಡಿದವರು, ಎರಡನೇ ಸಲ ಹೇಳಬೇಕಾಗಲಿಲ್ಲ. ಆ ಚಪ್ಪಟೆಯಾದ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತರು.

ನಮ್ಮ ಗೋಡೆಯನ್ನು ಅಳೆದೆ. ಹೊರಚಿಪ್ಪು 16 ಮಿ.ಮೀ., ಆಚೆ ಬದಿಯ ಚಿಪ್ಪೂ 16, ನಟ್ಟನಡುವೆ ನೆಟ್ಟಗೆ ನಿಂತ ಪಟ್ಟಿ 12. ಎಲ್ಲ ಕೂಡಿ 44. ನೋಡಲು 200 ಮಿ.ಮೀ. ದಪ್ಪದ ಗೋಡೆ, ಭಾರ ಇಳಿಯಲು ಇರುವ ಮಣ್ಣು 44 ಮಿ.ಮೀ. ಅಷ್ಟೇ ಅಲ್ಲ. ಸಂದಿನ ಗಾರೆಯನ್ನು ಕೆದಕಿ ನೋಡಿದಾಗ, ಅಂದು ಕಟ್ಟಿದವರು ಎರಡು ಅಂಚಿಗೆ ಮಾತ್ರ ಗಾರೆಯ ಸಾಲು ಎಳೆದಿದ್ದು ಕಂಡಿತು. ನಡುಪಟ್ಟಿಯ ಕೆಳಗೆ ಗಾರೆಯೇ ಇಲ್ಲ. ಪೊಳ್ಳು ಇಟ್ಟಿಗೆಯನ್ನು ಹೀಗೆ ಅಂಚಿಗಷ್ಟೇ ಗಾರೆ ಹಚ್ಚಿ ಕಟ್ಟುವುದು ಎಲ್ಲ ಕಡೆಯ ರೂಢಿ, ಅದನ್ನು ಕಳಪೆ ಕೆಲಸ ಅನ್ನಲಾರೆ. ಆದರೆ ಲೆಕ್ಕಕ್ಕೆ ಬರುವುದು ಈಗ 32 ಮಿ.ಮೀ.

ಹಾಗಿದ್ದ ಮೇಲೆ ಸ್ವಿಚ್ ಬೋರ್ಡಿನ ಹತ್ತಿರ ಕಂಡದ್ದು ನನಗೆ ಸಂಕಟ ತಂದಿತು. ಎಂದೋ ವೈರಿಂಗ್ ಬದಲಿಸುವಾಗ ಯಾರೋ ಎದೆಮಟ್ಟದಲ್ಲಿ ನಾಲ್ಕು ಅಡಿ ಉದ್ದ ಅಡ್ಡಲಾಗಿ ಗೋಡೆ ಕೊರೆದು ಪೈಪು ಕೂರಿಸಿದ್ದಾರೆ. ಒಂದು ಬದಿಯ ಚಿಪ್ಪು ಪೂರ್ತಿ ಹೋಗಿದೆ. ಗಟ್ಟಿ ಇಟ್ಟಿಗೆಯ ಗೋಡೆಯಲ್ಲಿ ಒಂದಿಂಚು ಕೊರೆದರೆ ಒಂದಿಂಚು ಹೋಗುತ್ತದೆ. ಇಲ್ಲಿ ಒಂದಿಂಚು ಕೊರೆದರೆ ಅರ್ಧ ಗೋಡೆ ಹೋಗುತ್ತದೆ, ಉಳಿದ ಅರ್ಧದ ಮೇಲೆ ಭಾರ ಓರೆಯಾಗಿ ಕೂರುತ್ತದೆ. ಪೊಳ್ಳು ಇಟ್ಟಿಗೆಯ ಗೋಡೆ ಇರುವವರು ಎಲೆಕ್ಟ್ರಿಷಿಯನ್, ಪ್ಲಂಬರ್ ಬಂದಾಗ ಪಕ್ಕದಲ್ಲೇ ನಿಲ್ಲಬೇಕು. ವೈರು ಗೋಡೆಯ ಮೇಲೆ ಕೇಸಿಂಗ್ ಕ್ಯಾಪಿಂಗಿನಲ್ಲಿ ಹೋಗಲಿ, ಚೆಂದ ಕಾಣದಿದ್ದರೂ ಪರವಾಗಿಲ್ಲ.

ಗಾರೆ ಸುಣ್ಣದ್ದು. ಮೂರಿಂಚಿನ ಮೊಳೆಯಿಂದ ಕೈಬಲದಲ್ಲಿ ಕೆರೆದರೆ ಒಣಗಿದ ಜಾಗದಲ್ಲಿ ನಾಲ್ಕೈದು ಮಿ.ಮೀ., ತಳದಲ್ಲಿ ಹದಿನೈದರವರೆಗೆ ಒಳಗೆ ಹೋಯಿತು. ತಳದ ಮೂರು ವರಸೆ, ಅಂದರೆ ಇಟ್ಟಿಗೆಯ ಮೂರು ಸಾಲು, ತೇವ ಹೀರಿತ್ತು. 2019ರ ಆಗಸ್ಟಿನ ಮಳೆಯಲ್ಲಿ ಹಿತ್ತಲಿನ ನೀರು ಎರಡು ದಿನ ಗೋಡೆಗೆ ತಾಗಿ ನಿಂತಿತ್ತಂತೆ. ಅದಕ್ಕೂ ಮುಂಚೆ ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದ್ದರಿಂದ ಒಳಗಿನ ತೇವ ಹೊರಗೆ ಬರಲು ದಾರಿಯೇ ಇರಲಿಲ್ಲ. ಪ್ಲಾಸ್ಟರ್ ಎಬ್ಬಿಸಿದಾಗ ಇಟ್ಟಿಗೆಯ ಮುಖದ ಮೇಲೆ ಬಿಳಿಯ ಉಪ್ಪು ಹತ್ತಿಯ ಹಾಗೆ ಅರಳಿಕೊಂಡಿತ್ತು. ನಾಲಿಗೆಗೆ ತಾಗಿಸಿ ನೋಡಿದೆ, ಕಟು ಉಪ್ಪು. ಉಪ್ಪು ಇಟ್ಟಿಗೆಯ ರಂಧ್ರದೊಳಗೆ ಹರಳುಗಟ್ಟುತ್ತ ಬಂದರೆ ಮುಖ ಪದರ ಪದರವಾಗಿ ಉದುರುತ್ತದೆ. ಎರಡು ಇಟ್ಟಿಗೆಯ ಚಿಪ್ಪು ಅಲ್ಲಿ 16ರಿಂದ 11 ಮಿ.ಮೀ.ಗೆ ಇಳಿದಿತ್ತು.

ಪಾಯ ಚೆನ್ನಾಗಿತ್ತು. ಹಿತ್ತಲಿನಲ್ಲಿ ಒಂದು ಗುಂಡಿ ತೆಗೆಸಿ ನೋಡಿದೆವು. ಕರಿಕಲ್ಲು, ಸುಣ್ಣದ ಗಾರೆ, ಎರಡಡಿ ಅಗಲ, ಮೂರೂವರೆ ಅಡಿ ಆಳ, ಕೆಳಗೆ ಗಟ್ಟಿ ಗರಸು.

ಎರಡೂ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದೆ. ಗೋಡೆ ಸ್ವಲ್ಪ ಸರಿದರೂ ಗಾಜು ಬಿರಿಯುತ್ತದೆ. ಹಳೆಯ ಉಪಾಯ, ಇವತ್ತಿಗೂ ಇದಕ್ಕಿಂತ ಅಗ್ಗದ್ದೂ ನಂಬಿಕೆಯದ್ದೂ ನನಗೆ ಕಂಡಿಲ್ಲ. ಪಟ್ಟಿ ಅಂಟಿಸಲು ಸುತ್ತಲಿನ ಸುಣ್ಣವನ್ನು ಕೆರೆದು ಇಟ್ಟಿಗೆಗೇ ಕೂರಿಸಬೇಕು. ಸುಣ್ಣದ ಮೇಲೆ ಅಂಟಿಸಿದರೆ ಪದರವೇ ಎದ್ದು ಬರುತ್ತದೆ.

ಇನ್ನು ಇಟ್ಟಿಗೆಯ ಬಲ. ಹಳೆಯ ಬಚ್ಚಲಿನ ಮರೆಗೋಡೆ ಹೇಗೂ ಕೆಡವುವುದಿತ್ತು, ಅದೂ ಅದೇ ಇಟ್ಟಿಗೆಯದು. ಅಲ್ಲಿಂದ ಐದು ಇಟ್ಟಿಗೆಯನ್ನು ಒಡೆಯದೆ ಬಿಡಿಸಿ, ಮೇಲೆ ಕೆಳಗೆ ಸಿಮೆಂಟ್ ಗಾರೆಯಿಂದ ಸಮ ಮಾಡಿ, ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿನ ಹುಡುಗ ಮೊದಲನೆಯದನ್ನು ಖಾನೆ ಮೇಲಾಗಿ ನಿಲ್ಲಿಸಿ ಯಂತ್ರದೊಳಗೆ ಇಡುತ್ತಿದ್ದ. ನೋಡಲು ಹಾಗೆಯೇ ಸರಿ ಅನ್ನಿಸುತ್ತದೆ. ‘ತಡಿ ತಮ್ಮಾ, ಗ್ವಾಡ್ಯಾಗ ಹೆಂಗ ಮಲಗಿತ್ತೋ ಹಂಗ ಇಡು’ ಎಂದು ತಿರುಗಿಸಿ ಇಡಿಸಿದೆ. ಅವನು ಇಟ್ಟಂತೆಯೇ ಪರೀಕ್ಷೆ ಮಾಡಿದ್ದರೆ ಬಹಳ ದೊಡ್ಡ ಅಂಕಿ ಬರುತ್ತಿತ್ತು, ನಮ್ಮ ಗೋಡೆಗೂ ಅದಕ್ಕೂ ಸಂಬಂಧವೇ ಇರುತ್ತಿರಲಿಲ್ಲ.

ಐದೂ ಒಡೆದದ್ದು 168, 204, 216, 246, 258 ಕಿಲೋನ್ಯೂಟನ್ನಿಗೆ. ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕಿಲೊ ಭಾರ. ಇಟ್ಟಿಗೆಯ ಪೂರ್ತಿ ಮುಖ 300ಕ್ಕೆ 200 ಮಿ.ಮೀ. ಹಿಡಿದರೆ ಸರಾಸರಿ ಚದರ ಮಿ.ಮೀ.ಗೆ 3.64 ನ್ಯೂಟನ್. ಗೋಡೆಗೆ ಬಳಸುವ ಸುಟ್ಟ ಮಣ್ಣಿನ ಪೊಳ್ಳು ಇಟ್ಟಿಗೆಗೆ ಭಾರತೀಯ ಮಾನಕ ಐ.ಎಸ್. 3952 ಕೇಳುವುದು ಕನಿಷ್ಠ 3.5. ಅರವತ್ತು ವರ್ಷದ ಇಟ್ಟಿಗೆ ಇವತ್ತಿನ ಮಾನಕ ದಾಟಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ಸುಟ್ಟವರು ಚೆನ್ನಾಗಿ ಸುಟ್ಟಿದ್ದಾರೆ. ತಟ್ಟಿದರೆ ಕಂಚಿನ ದನಿ, ಮುರಿದ ಅಂಚು ಒಳಗಿನವರೆಗೂ ಒಂದೇ ಕೆಂಪು. ಕಡಿಮೆ ಬಂದ 168 ಮಾತ್ರ ತಳದ ವರಸೆಯದು, ಉಪ್ಪು ತಿಂದದ್ದು.

ಒಡೆಯುವ ರೀತಿಯನ್ನು ಮಾತ್ರ ಎಲ್ಲರೂ ಒಮ್ಮೆ ಕಣ್ಣಾರೆ ನೋಡಬೇಕು. ಮುಳ್ಳು ಏರುತ್ತ ಹೋಗುತ್ತದೆ, ಇಟ್ಟಿಗೆ ಏನೂ ಆಗದವರಂತೆ ಕೂತಿರುತ್ತದೆ. ಒಂದು ಕೂದಲು ಗೀರೂ ಇಲ್ಲ. ಆಮೇಲೆ ಒಮ್ಮೆಲೇ ‘ಟಪ್’, ಎರಡೂ ಚಿಪ್ಪು ಎರಡು ಕಡೆ ಸಿಡಿದು, ನಡುವೆ ಪುಡಿ. ಕಬ್ಬಿಣ ಬಗ್ಗಿ ಎಚ್ಚರಿಸುತ್ತದೆ, ಮರ ಕಿರುಗುಟ್ಟುತ್ತದೆ. ಇದು ಎರಡನ್ನೂ ಮಾಡುವುದಿಲ್ಲ.

ಲೆಕ್ಕವನ್ನು ಪಡಸಾಲೆಯ ಶಹಾಬಾದಿ ಫರಸಿಯ ಮೇಲೆ ಸೀಮೆಸುಣ್ಣದಿಂದ ಬರೆದೆ. ಕಾಕಾ ಕುರ್ಚಿ ಹಾಕಿಕೊಂಡು ಕೂತರು, ಮಗ ನಿಂತಿದ್ದ.

ಇಟ್ಟಿಗೆ 3.64 ತಡೆದರೆ ಗೋಡೆಯೂ ಅಷ್ಟೇ ತಡೆಯುತ್ತದೆ ಎಂದಲ್ಲ. ಗಾರೆ ಮೆತ್ತಗಿದ್ದರೆ ಗೋಡೆ ಮೊದಲೇ ಸೋಲುತ್ತದೆ. ಕಟ್ಟಡದ ಗೋಡೆಗಳಿಗಾಗಿ ಇರುವ ಐ.ಎಸ್. 1905ರ 1987ರ ಪಟ್ಟಿಯಲ್ಲಿ, 3.5 ಬಲದ ಇಟ್ಟಿಗೆಯನ್ನು ಸುಣ್ಣದ ಮೆತ್ತನೆಯ ಗಾರೆಯಲ್ಲಿ ಕಟ್ಟಿದರೆ ಸುರಕ್ಷಿತ ಒತ್ತಡ ಚದರ ಮಿ.ಮೀ.ಗೆ 0.25 ನ್ಯೂಟನ್. ಅದಕ್ಕೆ ಗೋಡೆಯ ತೆಳುವಿನ ಕಡಿತ ಸೇರಬೇಕು. ಮೇಲೆ ಸ್ಲ್ಯಾಬ್ ಬಂದು ತಲೆ ಹಿಡಿದರೆ ಎತ್ತರದ ಮುಕ್ಕಾಲು ಭಾಗ ಲೆಕ್ಕಕ್ಕೆ: 3050 ಮಿ.ಮೀ.ಯ ಮುಕ್ಕಾಲು ಭಾಗವನ್ನು 200ರಿಂದ ಭಾಗಿಸಿದರೆ 11.4. ಅದಕ್ಕೆ ಕಡಿತದ ಗುಣಾಂಕ ಸುಮಾರು 0.855. ಇಟ್ಟಿಗೆಯ ಅಂಕಿಯಂತೆ ಇಲ್ಲೂ ಪೂರ್ತಿ 200 ಮಿ.ಮೀ. ಅಗಲವನ್ನೇ ಹಿಡಿದರೆ, ಒಂದು ಮೀಟರ್ ಉದ್ದದ ಗೋಡೆ ಹೊರಬಹುದಾದದ್ದು ಸುಮಾರು 42 ಕಿಲೋನ್ಯೂಟನ್, ಅಂದರೆ ನಾಲ್ಕು ಟನ್ನಿನ ಮೇಲೆ ಸ್ವಲ್ಪ. ಇಟ್ಟಿಗೆಯ ಎತ್ತರ ಅಗಲದ ಅನುಪಾತ ನೋಡಿ ಇದನ್ನು ಇನ್ನಷ್ಟು ಏರಿಸಲು ಕೋಡ್ ಅವಕಾಶ ಕೊಡುತ್ತದೆ. ನಾನು ತೆಗೆದುಕೊಳ್ಳಲಿಲ್ಲ. ಪ್ರಯೋಗಾಲಯದಲ್ಲಿ ಇಟ್ಟಿಗೆಯ ಪೂರ್ತಿ ಮುಖಕ್ಕೆ ಗಾರೆ ಹಚ್ಚಿದ್ದೆವು, ಗೋಡೆಯಲ್ಲಿ ಅಂಚಿಗೆ ಮಾತ್ರ ಇದೆ. ಯಂತ್ರದ ಅಂಕಿಯೇ ನಮ್ಮ ಕಡೆ ಸ್ವಲ್ಪ ವಾಲಿದೆ. ಅದರ ಮೇಲೆ ಇನ್ನೊಂದು ಬಡ್ತಿ ಕೊಡಲು ಮನಸ್ಸು ಬರಲಿಲ್ಲ.

ಈಗ ಭಾರ. ಎರಡೂ ಕೋಣೆ 12 ಅಡಿಯವು, ನಡುಗೋಡೆಯ ಪಾಲಿಗೆ 3.6 ಮೀಟರ್ ಅಗಲ. 5 ಇಂಚಿನ ಸ್ಲ್ಯಾಬ್, ಅದರ ಮೇಲಿನ ಫರಸಿ, ಜನ ಓಡಾಡುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಲ್ಲ ಸೇರಿ ಗೋಡೆಯ ಒಂದು ಮೀಟರ್ ಉದ್ದಕ್ಕೆ 22. ಮೇಲಂತಸ್ತಿನ ಹಗುರ ಬ್ಲಾಕಿನ ಗೋಡೆ 5. ಅದರ ಮೇಲಿನ ಸ್ಲ್ಯಾಬ್ ಮತ್ತು ವಾಟರ್‌ಪ್ರೂಫಿಂಗ್ ಮತ್ತೆ 22. ಗೋಡೆಯ ಸ್ವಂತ ತೂಕ 8. ಒಟ್ಟು 57. ಹದಿನಾರು ಅಡಿಯಲ್ಲಿ ಮೂರೂವರೆ ಅಡಿ ಬಾಗಿಲು ಹೋಗುವುದರಿಂದ ಉಳಿದ ಗೋಡೆಯ ಮೇಲೆ ಅದು 70ರ ಆಸುಪಾಸು ಆಗುತ್ತದೆ.

ಹೊರಬಹುದಾದದ್ದು 42, ಬರುವುದು 70. ಸ್ವಿಚ್ ಬೋರ್ಡಿನ ಕೊರೆತ, ತಳದ ಉಪ್ಪು, ಇವನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಂಗಾದ್ರ ಇಷ್ಟು ದಿನ ಎಷ್ಟು ಹೊತ್ತದ?’ ಅಂದರು. ಆ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಚದರ ಮೀಟರಿಗೆ ಸುಮಾರು 15 ಹಂಚು, ರೀಪು, ಜಂತಿ, ಏರಿ ರಿಪೇರಿ ಮಾಡುವವರ ಭಾರ ಎಲ್ಲ ಸೇರಿಸಿದರೂ 3.6 ಮೀಟರಿಗೆ 5 ಕಿಲೋನ್ಯೂಟನ್. ಗೋಡೆಯ ಸ್ವಂತ ತೂಕ 8. ಫರಸಿಯ ಮೇಲೆ 57ರ ಪಕ್ಕದಲ್ಲಿ 13 ಎಂದು ಬರೆದೆ.

‘ಅಪ್ಪ ಹಂಚಿಗೆ ತಕ್ಕ ಗ್ವಾಡಿ ಕಟ್ಟಿಸ್ಯಾರ’ ಅಂದರು ಕಾಕಾ. ಹೌದು. ಅವರ ತಂದೆ ಹಗುರ ಛಾವಣಿಗೆ ಹಗುರ ಗೋಡೆಯನ್ನೇ ಆರಿಸಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಅವರು ಒಪ್ಪಿಕೊಂಡ ಕೆಲಸದ ನಾಲ್ಕು ಪಟ್ಟನ್ನು ಇವತ್ತು ಆ ಗೋಡೆಯಿಂದ ಕೇಳುತ್ತಿರುವವರು ನಾವು.

ಮಗ ಯಾರಿಂದಲೋ ಕೇಳಿಕೊಂಡು ಬಂದಿದ್ದ: ಖಾನೆಯೊಳಗೆ ತೆಳು ಕಾಂಕ್ರೀಟ್ ತುಂಬಿದರೆ ಗಟ್ಟಿಯಾಗುವುದಿಲ್ಲವೇ? ಖಾನೆ ನೆಟ್ಟಗೆ ಒಂದರ ಮೇಲೊಂದು ಕೂಡಿದ್ದರೆ ಮೇಲಿನಿಂದ ಕಂಬಿ ಇಳಿಸಿ ತುಂಬಬಹುದು, ಒಳ್ಳೆಯ ದಾರಿಯೇ. ಇಲ್ಲಿ ಖಾನೆ ಮಲಗಿವೆ. ಪ್ರತಿ ವರಸೆಗೂ ತೂತು ಹೊಡೆದು ಬದಿಯಿಂದ ತುಂಬಬೇಕು, ಗಾಳಿ ಎಲ್ಲಿ ಸಿಕ್ಕಿಬಿತ್ತು ಎಂದು ಯಾರಿಗೂ ಗೊತ್ತಾಗದು. ಒಣ ಮಣ್ಣು ನೀರನ್ನೆಲ್ಲ ಹೀರಿ ತುಂಬಿದ್ದು ಒಳಗೇ ಪುಡಿಯಾಗುತ್ತದೆ. ಹಸಿಯಿದ್ದಾಗ ಅದರ ಒತ್ತಡಕ್ಕೆ 16 ಮಿ.ಮೀ. ಚಿಪ್ಪು ಹೊರಗೆ ಸಿಡಿದರೂ ಸಿಡಿಯಿತು. ಮೇಲಾಗಿ ಐ.ಎಸ್. 1893ರ 2016ರ ಪಟ್ಟಿಯಂತೆ ಬೆಳಗಾವಿ ಭೂಕಂಪದ ಮೂರನೇ ವಲಯದಲ್ಲಿದೆ. ತೂಕ ಹೆಚ್ಚಿದಷ್ಟೂ ನೆಲ ಅಲುಗಿದಾಗ ಗೋಡೆಗೆ ಬೀಳುವ ತಳ್ಳಾಟ ಹೆಚ್ಚು. ಬೇಡ ಎಂದೆ.

ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಎಲ್ಲ ಅಳತೆ, ಪ್ರಯೋಗಾಲಯದ ಕಾಗದ ಅವರ ಮುಂದಿಟ್ಟೆ. ಅವರೂ ಅದೇ ತೀರ್ಮಾನಕ್ಕೆ ಬಂದು, ಮೇಲಿನ ಕೋಣೆಗಳನ್ನು ಪೂರ್ತಿ ಬೇರೆಯಾಗಿ ಆರು ಕಾಲಂ ಮೇಲೆ ನಿಲ್ಲಿಸುವ ನಕ್ಷೆ ಕೊಟ್ಟರು. ಐದು ಕಾಲಂ ಮನೆಯ ಹೊರಗೆ, ಒಂದು ಮಾತ್ರ ಒಳಗೆ, ಕಪಾಟಿನ ಮೂಲೆಯಲ್ಲಿ. ಖರ್ಚು ಏರಿತು. ಮಗನ ಮುಖ ಸಣ್ಣದಾದದ್ದು ಕಂಡೆ, ಆದರೆ ಯಾರೂ ವಾದ ಮಾಡಲಿಲ್ಲ. ಕಡ್ಡಿಪೆಟ್ಟಿಗೆ ಇನ್ನೂ ಕಾಕಾನ ಜೇಬಿನಲ್ಲಿತ್ತು.

ಅದಕ್ಕೂ ಮೊದಲು ಅಟ್ಟದ ತೊಲೆ. ತೆರೆದು ನೋಡಿದರೆ ಇಟ್ಟಿಗೆಯ ಮೇಲ್ಪಟ್ಟಿ ಒಡೆದು ತೊಲೆ 12 ಮಿ.ಮೀ. ಖಾನೆಯೊಳಗೆ ಇಳಿದಿತ್ತು. ಚೀಲ, ಹಲಗೆ, ತೊಲೆ ಎಲ್ಲ ಸೇರಿ ಈ ತುದಿಗೆ ಬಂದ ಭಾರ ಸುಮಾರು 400 ಕಿಲೊ. ತೊಲೆ ಕೂತ ಜಾಗ 150ಕ್ಕೆ 100 ಮಿ.ಮೀ. ಇಷ್ಟರಲ್ಲೇ ಚದರ ಮಿ.ಮೀ.ಗೆ 0.27 ನ್ಯೂಟನ್ ಆಯಿತು. ತೊಲೆ ನಡುವೆ ಜಗ್ಗಿದಾಗ ತುದಿ ಎದ್ದು, ಭಾರವೆಲ್ಲ ಕೋಣೆಯ ಬದಿಯ 16 ಮಿ.ಮೀ. ಚಿಪ್ಪಿನ ಮೇಲೆ ಸರಿಯುತ್ತದೆ. ಆಗ ಅಲ್ಲಿನ ಒತ್ತಡ ಆರು ಪಟ್ಟು. ಕೆಳಗೊಂದು ದಿಂಬುಗಲ್ಲು, ಅಂದರೆ ಭಾರವನ್ನು ಅಗಲಕ್ಕೆ ಹರಡುವ ಕಲ್ಲು, ಇಟ್ಟಿದ್ದರೆ ಈ ಬಿರುಕು ಬರುತ್ತಲೇ ಇರಲಿಲ್ಲ.

ದಿಂಬನ್ನು ನೆಲದ ಮೇಲೆಯೇ ಮೊದಲು ಎರಕ ಹೊಯ್ದು ಹದಿನಾಲ್ಕು ದಿನ ನೀರುಣಿಸಿದೆವು. 600 ಮಿ.ಮೀ. ಉದ್ದ, ಗೋಡೆಯಷ್ಟೇ ಅಗಲ, 150 ಎತ್ತರ, ಒಳಗೆ ಮೇಲೆ ಕೆಳಗೆ ಎರಡೆರಡು 10 ಮಿ.ಮೀ. ಕಂಬಿ. ಜ್ಯಾಕ್‌ಗಳನ್ನು ಅರ್ಧ ತಿರುವಿನಷ್ಟೇ ಬಿಗಿದು ತೊಲೆಯನ್ನು ಕೂದಲೆಳೆಯಷ್ಟು ಎತ್ತಿದೆವು. ಇಳಿದ 12 ಮಿ.ಮೀ.ಯನ್ನೂ ಎತ್ತಲು ಹೋಗಲಿಲ್ಲ. ಅದು ಮೇಲಿನ ಹಲಗೆಗಳೆಲ್ಲ ಒಪ್ಪಿಕೊಂಡು ಕೂತ ಮಟ್ಟ, ಎತ್ತಿದರೆ ಬೇರೆಲ್ಲೋ ಬಿರಿಯುತ್ತದೆ. ಒಡೆದ ಇಟ್ಟಿಗೆ ಮತ್ತು ಪಕ್ಕದ ಒಂದು, ಎರಡನ್ನು ಬಿಡಿಸಿದಾಗ 600 ಮಿ.ಮೀ.ಯ ಬಾಯಿ ತೆರೆಯಿತು. ಮಾಮಾ ತಳಕ್ಕೆ ಗಾರೆ ಹಾಸುವಾಗ ನಡುಪಟ್ಟಿಯ ಮೇಲೂ ಮರೆಯದೆ ಹಾಸಿದರು. ದಿಂಬು ಕೂರಿಸಿ, ಮೇಲಿನ ಸಂದಿಗೆ ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟುವಷ್ಟೇ ನೀರು ಹಾಕಿದ ಒಣ ಗಾರೆಯನ್ನು ಮರದ ತುಂಡಿನಿಂದ ಬಡಿದು ಬಡಿದು ತುಂಬಿದರು. ನೀರು ಹೆಚ್ಚಾದ ಗಾರೆ ಒಣಗಿ ಕುಗ್ಗಿದರೆ ತೊಲೆ ಮತ್ತೆ ಗಾಳಿಯಲ್ಲಿ ನಿಲ್ಲುತ್ತದೆ, ಇಡೀ ಕೆಲಸ ದಂಡ. ಏಳು ದಿನ ಬಿಟ್ಟು ಜ್ಯಾಕ್ ಸಡಿಲಿಸಿದೆವು. 0.27 ಇದ್ದ ಒತ್ತಡ ಈಗ 0.03. ಅಟ್ಟದ ಮೇಲೆ ಇನ್ನು ಪಾತ್ರೆ, ಹಾಸಿಗೆ ಮಾತ್ರ ಎಂದು ಕಾಕು ಒಪ್ಪಿಕೊಂಡಿದ್ದಾರೆ. ಜೋಳಕ್ಕೆ ಪಡಸಾಲೆಯಲ್ಲಿ ತಗಡಿನ ಕಣಜ ಬಂದಿದೆ.

ತಳದ ಮೂರು ವರಸೆಗೆ ಸಿಮೆಂಟ್ ಪ್ಲಾಸ್ಟರ್ ತೆಗೆದು, ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ, ಸುಣ್ಣದ ಗಾರೆಯನ್ನೇ ತೆಳುವಾಗಿ ಹೊಡೆದೆವು. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಹಿತ್ತಲಿನ ನೀರು ಹೊರಕ್ಕೆ ಹರಿಯುವ ಹಾಗೆ ನೆಲದ ಇಳಿಜಾರು ತಿರುಗಿಸಿದೆವು. ಕೊರೆದ ನಾಲ್ಕಡಿಗೆ ಪೈಪು ತೆಗೆದು, ಗಾರೆ ತುಂಬಿ, ಮೇಲೆ ಜಾಳಿಗೆ ಕೊಟ್ಟು ಮುಚ್ಚಿದ್ದಾಯಿತು.

ಕಾಲಂ ಗುಂಡಿಗಳನ್ನು ಒಮ್ಮೆಗೆ ಒಂದೊಂದೇ ತೆಗೆದೆವು. ಒಂದರ ಕಾಂಕ್ರೀಟ್ ಆದ ಮೇಲೆ ಪಕ್ಕದ್ದನ್ನು ಬಿಟ್ಟು ಆಚೆಯದು. ಹಳೆಯ ಪಾಯದ ತಳಕ್ಕಿಂತ ಒಂದು ಇಂಚೂ ಕೆಳಗೆ ಹೋಗಲಿಲ್ಲ. ನಡುಗೋಡೆಯ ನೇರ ಮೇಲೆ ಒಂದು ಬೀಮ್ ಬರುತ್ತದೆ, ಕಾಲಂನಿಂದ ಕಾಲಂಗೆ 5.5 ಮೀಟರ್. ಬೀಮಿನ ತಳಕ್ಕೂ ಗೋಡೆಯ ತಲೆಗೂ ನಡುವೆ 50 ಮಿ.ಮೀ. ಖಾಲಿ ಬಿಡಬೇಕೆಂದು ನಕ್ಷೆಯಲ್ಲಿತ್ತು. ಬೀಮ್ ಭಾರಕ್ಕೆ ಜಗ್ಗುವುದು ಸಹಜ, ಐ.ಎಸ್. 456 ಒಪ್ಪುವ ಮಿತಿ ಉದ್ದದ 250ರಲ್ಲಿ ಒಂದು ಭಾಗ, ಇಲ್ಲಿ 22 ಮಿ.ಮೀ. ಅಷ್ಟು ಜಗ್ಗಿದರೂ ಗೋಡೆಗೆ ತಾಗಬಾರದು. ತಾಗಿದರೆ ಇಷ್ಟೆಲ್ಲ ಮಾಡಿಯೂ ಭಾರ ಮತ್ತೆ ಅದೇ ಚಿಪ್ಪಿನ ಮೇಲೆ. ಹಂಚು, ಜಂತಿ ಹೋದ ಮೇಲೆ ಗೋಡೆಯ ತಲೆಗೆ ಯಾವ ಹಿಡಿತವೂ ಉಳಿಯುವುದಿಲ್ಲ, ಪಕ್ಕಕ್ಕೆ ವಾಲಬಹುದು. ಅದಕ್ಕೆ ಬೀಮಿನ ತಳದಿಂದ ಎರಡೂ ಬದಿಗೆ ನಾಲ್ಕು ಅಡಿಗೊಂದರಂತೆ ಕಬ್ಬಿಣದ ಆ್ಯಂಗಲ್ ಇಳಿಬಿಟ್ಟು, ಗೋಡೆಯನ್ನು ನಡುವೆ ಹಿಡಿದಿದ್ದೇವೆ. ಪಕ್ಕಕ್ಕೆ ಬಿಡುವುದಿಲ್ಲ, ಕೆಳಕ್ಕೆ ಒತ್ತುವುದಿಲ್ಲ.

ಸ್ಲ್ಯಾಬ್ ಹಾಕುವ ದಿನ ನಾನು ಗೋಡೆಯ ಹತ್ತಿರವೇ ನಿಂತಿದ್ದೆ. ಸೆಂಟ್ರಿಂಗ್ ಹುಡುಗರಿಗೆ ಎಷ್ಟು ಹೇಳಿದರೂ ಹತ್ತಿರ ಸಿಕ್ಕ ಗೋಡೆಯ ತಲೆಗೆ ಒಂದು ಮರದ ತುಂಡು ಕೊಟ್ಟು ಬೀಮಿನ ತಳ ಹಿಡಿಸಿಬಿಡುವ ರೂಢಿ. ಎರಡು ಕಡೆ ಹಾಗೆ ಮಾಡಿದ್ದರು, ಕಾಂಕ್ರೀಟ್ ಬರುವ ಮೊದಲೇ ತೆಗೆಸಿದೆ. ಗೋಡೆಗೂ ಬೀಮಿನ ಹಲಗೆಗೂ ನಡುವೆ ಮೆತ್ತನೆಯ ಥರ್ಮೋಕೋಲ್ ಮಾತ್ರ ಇತ್ತು.

ಮಿರಗ, ಅಂದರೆ ಮೃಗಶಿರಾ ಮಳೆಗೆ ಇನ್ನೂ ಐದಾರು ದಿನ ಇರುವಾಗ ಸೆಂಟ್ರಿಂಗ್ ಬಿಚ್ಚಿದೆವು. ಥರ್ಮೋಕೋಲನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊರೆದು ಕೊರೆದು ಎಳೆದು ತೆಗೆದರು. ಮಾಮಾ ತಮ್ಮ ಕಟ್ಟಡದ ದಾರವನ್ನು ಗೋಡೆಯ ಒಂದು ತುದಿಯಲ್ಲಿ ಸಂದಿಯೊಳಗೆ ತೂರಿಸಿ, ಆಚೆ ತುದಿಯಲ್ಲಿ ಕಾಕಾನ ಕೈಗೆ ಕೊಟ್ಟರು. ಇಬ್ಬರೂ ಬಿಗಿ ಹಿಡಿದು ಆ ಬದಿಯಿಂದ ಈ ಬದಿಗೆ ಎಳೆದರು. ಏಳನೇ ಅಡಿಯ ಹತ್ತಿರ ಒಂದು ಕಡೆ ಸಿಕ್ಕಿಕೊಂಡಿತು, ಹಲಗೆಯ ಸಂದಿನಿಂದ ಸೋರಿ ಗಟ್ಟಿಯಾದ ಸಿಮೆಂಟಿನ ಹೆಬ್ಬೆಟ್ಟಿನಷ್ಟು ಗಂಟು. ಚಾಣದ ತುದಿಯಿಂದ ಅದನ್ನು ಎಬ್ಬಿಸಿ ಮತ್ತೆ ದಾರ ಎಳೆದರು. ಈ ಸಲ ಹದಿನಾರು ಅಡಿಯೂ ಎಲ್ಲೂ ತಾಗದೆ ಸರಾಗವಾಗಿ ಬಂತು. ಎರಡೂ ಗಾಜಿನ ಪಟ್ಟಿಗಳು ನವೆಂಬರಿನ ತಾರೀಖಿನ ಪಕ್ಕದಲ್ಲಿ ಇಡಿಯಾಗಿಯೇ ಇವೆ.